ಬ್ಯಾಗ್ ಕಾಯಲು ಶಾಲೆಗೆ ಸೇರಿಸಿದ್ದಲ್ಲ

ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೆ ಮಾಮೂಲಿ ಶಾಲೆಯಲ್ಲಿ ಸೀಟು ಸಿಕ್ಕಿದ ದಿನ ಗೆದ್ದೆವು ಅನ್ನಿಸುತ್ತದೆ. ಜಗಳ ಶುರುವಾಗುವುದೇ ಆಮೇಲೆ.

ನನ್ನ ಮಗಳು ವಾಕರ್ ಹಿಡಿದು ನಡೆಯುತ್ತಾಳೆ. ಮಾತು ತುಸು ತೊದಲು, ಲೆಕ್ಕದಲ್ಲಿ ಚುರುಕು. ನಾಲ್ಕನೇ ಕ್ಲಾಸಿನಲ್ಲಿದ್ದಾಗ ಒಂದು ಮಧ್ಯಾಹ್ನ ಮಾತ್ರೆ ಕೊಡಲು ಶಾಲೆಗೆ ಹೋದೆ. ಪಿ.ಟಿ. ಪೀರಿಯಡ್. ಮೈದಾನದ ತುಂಬ ಖೋಖೋ ಕೂಗು. ಕ್ಲಾಸಿನಲ್ಲಿ ಇವಳೊಬ್ಬಳೇ, ಸುತ್ತಲೂ ಬೆಂಚುಗಳ ಮೇಲೆ ಬ್ಯಾಗುಗಳು. ವಾಕರನ್ನು ಕೈಗೆಟುಕದ ಹಾಗೆ ಬಾಗಿಲ ಮೂಲೆಗೆ ಸರಿಸಿಟ್ಟಿದ್ದರು.

"ಯಾಕೆ ಪುಟ್ಟಿ, ಒಬ್ಳೇ ಕೂತಿದೀಯ?"

"ಬ್ಯಾಗ್ ನೋಡ್ಕೋತಿದೀನಮ್ಮ. ಯಾವಾಗ್ಲೂ ನಂದೇ ಡ್ಯೂಟಿ."

ಹೆಮ್ಮೆಯಿಂದ ಹೇಳಿದಳು. ಆ ಹೆಮ್ಮೆ ನನ್ನ ಹೊಟ್ಟೆಗೆ ಬೆಂಕಿ ಇಟ್ಟಿತು.

ಹೆಡ್‌ಮಾಸ್ಟರು, "ಬಿದ್ರೆ ಯಾರಮ್ಮ ಜವಾಬ್ದಾರಿ? ಸೀಟು ಕೊಟ್ಟಿದೀವಲ್ಲ" ಅಂದರು. ಸೀಟೇನು ಅವರ ಮನೆಯ ಆಸ್ತಿಯೇ? ಮನೆಗೆ ಬಂದರೆ ನಮ್ಮ ಭಾವನವರು, "ಸ್ಪೆಷಲ್ ಸ್ಕೂಲಿಗೆ ಹಾಕಿ ಅಂತ ಅವತ್ತೇ ಹೇಳಿದ್ದೆ" ಎಂದು ಶುರುಮಾಡಿದರು. ಅದನ್ನು ನಾನಿನ್ನೂ ಮರೆತಿಲ್ಲ.

ದಾರಿ ತೋರಿಸಿದ್ದು ನಮ್ಮ ಬ್ಲಾಕಿನ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕಿ, ಅಂದರೆ ಬಿಐಇಆರ್‌ಟಿ ಮೇಡಂ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್ ಓದಿ ಹೇಳಿದರು. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆ ಇಂಥ ಮಕ್ಕಳನ್ನು ಭೇದವಿಲ್ಲದೆ ಸೇರಿಸಿಕೊಂಡರೆ ಸಾಲದು, ಆಟ, ಮನರಂಜನೆಯಲ್ಲೂ ಎಲ್ಲರಿಗೆ ಸಮನಾದ ಅವಕಾಶ ಕೊಡಬೇಕು. ಅದನ್ನೇ ಅರ್ಜಿಯಲ್ಲಿ ಬರೆದು ಕೊಟ್ಟೆ, ಬಿಇಒ ಆಫೀಸಿಗೂ ಒಂದು ಪ್ರತಿ ಹಾಕಿದೆ. ಜವಾಬ್ದಾರಿಯ ಮಾತು ಅಲ್ಲಿಗೆ ನಿಂತಿತು.

ಹೇಗೆ ಆಡಿಸುವುದೆಂದು ಪಿ.ಟಿ. ಮೇಷ್ಟ್ರು ಯೋಚಿಸುತ್ತಿರುವಾಗಲೇ ಹುಡುಗಿಯರು ತಾವೇ ಒಂದು ರೂಲ್ ಮಾಡಿಕೊಂಡಿದ್ದರು. ಲಗೋರಿಯಲ್ಲಿ ಇವಳು ಕುರ್ಚಿಯಲ್ಲಿ ಕೂತು ಚೆಂಡು ಎಸೆಯಬೇಕು, ಇವಳ ಪರವಾಗಿ ಜೊತೆಗಾತಿ ಓಡಬೇಕು. ಅವಳಿಗೆ ಚೆಂಡು ತಗುಲಿದರೆ ಇಬ್ಬರೂ ಔಟ್. ಈಗ ನಮ್ಮವಳು "ಅವ್ರು ಮೋಸ ಮಾಡಿದ್ರು" ಎಂದು ಸಿಟ್ಟುಮಾಡಿಕೊಂಡು ಮನೆಗೆ ಬರುತ್ತಾಳೆ. ಆ ದೂರು ಕೇಳುವಾಗ ನನಗೆ ಆಗುವ ಖುಷಿ ಮಾರ್ಕ್ಸ್ ಕಾರ್ಡ್ ನೋಡಿದಾಗಲೂ ಆಗಿಲ್ಲ.

ಉಳಿದ ತಾಯಂದಿರಿಗೆ ಇಷ್ಟೇ ಹೇಳುತ್ತೇನೆ: ಬಾಯಿಮಾತಿನಲ್ಲಿ ಕೇಳಬೇಡಿ. ಅರ್ಜಿ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ. ಆಗುವುದಿಲ್ಲ ಅಂದರೆ ಹಿಂಬರಹ ಕೇಳಿ. ಪಿ.ಟಿ. ಪೀರಿಯಡ್ಡಿಗೆ ಹೇಳದೆ ಹೋಗಿ ನೋಡಿ. ಪ್ರವಾಸದ ಪಟ್ಟಿಯಲ್ಲಿ, ಸ್ಕೂಲ್ ಡೇ ಡಾನ್ಸಿನಲ್ಲಿ ನಿಮ್ಮ ಮಗುವಿನ ಹೆಸರಿದೆಯೇ ವಿಚಾರಿಸಿ. ನಮ್ಮ ಶಾಲೆಯ ಪ್ರವಾಸ ಡಿಸೆಂಬರಿನಲ್ಲಿ. ಅದರ ಅರ್ಜಿ ಆಗಲೇ ಕೊಟ್ಟಾಗಿದೆ.