ಎಂಜಿನ್ನಿನಲ್ಲಿ ಮುರಿದುಳಿದ ಬೋಲ್ಟನ್ನು ತೆಗೆಯುವ ಕ್ರಮ

ಬಿತ್ತನೆಯ ಹದದಲ್ಲಿ ಟ್ರಾಕ್ಟರಾಗಲಿ ಪವರ್ ಟಿಲ್ಲರಾಗಲಿ ಕೆಟ್ಟು ನಿಂತರೆ ಆಗುವ ನಷ್ಟವು ರಿಪೇರಿಯ ಖರ್ಚಿನಲ್ಲಿಯೇ ಮುಗಿಯುವುದಿಲ್ಲ; ತಪ್ಪಿಹೋದ ಹದದ ಬೆಲೆಯೂ ಅದಕ್ಕೆ ಸೇರುವುದು. ಅಲ್ಪ ಬೆಲೆಯ ಒಂದು ಬೋಲ್ಟು ಇಂತಹ ನಷ್ಟಕ್ಕೆ ಕಾರಣವಾಗುವುದುಂಟು. ಆದಕಾರಣ, ಬೋಲ್ಟು ಮುರಿದು ತುಂಡು ಒಳಗುಳಿದಾಗ ಮಾಡತಕ್ಕದ್ದೇನು, ಮಾಡಬಾರದ್ದೇನು ಎಂಬುದನ್ನು ಗ್ರಾಮಮುಖಂಡರೂ ಜಮೀನುದಾರರೂ ತಿಳಿದಿರುವುದು ಅವಶ್ಯಕ.

ಕಾರಣಗಳು.— ಹೊಗೆ ಹೋಗುವ ಕಡೆಯ ಬೋಲ್ಟುಗಳು ಶಾಖದಿಂದಲೂ ತುಕ್ಕಿನಿಂದಲೂ ಕಚ್ಚಿಕೊಳ್ಳುವುವು. ಅಲ್ಯುಮಿನಿಯಂ ಭಾಗದಲ್ಲಿ ಕೂಡಿಸಿದ ಉಕ್ಕಿನ ಬೋಲ್ಟು ತೇವದಿಂದ ಹಿಡಿದುಕೊಳ್ಳುವುದು. ಅಂತಹುದನ್ನು ಸ್ಪ್ಯಾನರಿಗೆ ಪೈಪು ತೊಡಿಸಿ ಬಲವಂತದಿಂದ ತಿರುಗಿಸಿದರೆ ಮುರಿಯುವುದು ಸಹಜವೇ ಸರಿ.

ತುಂಡು ಹೊರಗೆ ಕಾಣುತ್ತಿದ್ದರೆ.— ತುಕ್ಕನ್ನು ಉಜ್ಜಿ, ತುಕ್ಕು ಬಿಡಿಸುವ ಎಣ್ಣೆಯನ್ನು ಹಾಕಿ ಒಂದು ರಾತ್ರಿ ಬಿಡತಕ್ಕದ್ದು. ಅನಂತರ ಸುತ್ತಿಗೆಯಿಂದ ಮೆಲ್ಲನೆ ತಟ್ಟಿ, ಹಿಡಿಕೆಯ ಇಕ್ಕಳದಿಂದ ಹಿಂದಕ್ಕೂ ಮುಂದಕ್ಕೂ ಸ್ವಲ್ಪ ಸ್ವಲ್ಪವಾಗಿ ಆಡಿಸಬೇಕು. ಅಲ್ಯುಮಿನಿಯಂ ಉಕ್ಕಿಗಿಂತ ಸುಮಾರು ಎರಡರಷ್ಟು ಹಿಗ್ಗುವುದರಿಂದ ಸುತ್ತಣ ಭಾಗವನ್ನು ಹದವಾಗಿ ಕಾಯಿಸಿದರೆ ಹಿಡಿತ ಸಡಿಲವಾಗುವುದು. ಇದರಿಂದಲೂ ಬಾರದಿದ್ದರೆ ತುಂಡಿನ ಮೇಲೆ ಒಂದು ನಟ್ಟನ್ನಿಟ್ಟು ವೆಲ್ಡಿಂಗ್ ಮಾಡಿಸಿ, ಆರಿದ ಮೇಲೆ ನಟ್ಟನ್ನು ತಿರುಗಿಸಬಹುದು. ಕಾಯಿಸುವುದಕ್ಕೂ ವೆಲ್ಡಿಂಗಿಗೂ ಮೊದಲು ಡೀಸೆಲನ್ನೂ ಎಣ್ಣೆಯ ಬಟ್ಟೆಗಳನ್ನೂ ದೂರವಿರಿಸಿ, ಬ್ಯಾಟರಿಯ ತಂತಿಗಳನ್ನು ಬಿಚ್ಚುವುದನ್ನು ಮರೆಯಕೂಡದು.

ತುಂಡು ಒಳಗೆ ಮುರಿದಿದ್ದರೆ.— ಮುರಿದ ಮುಖವನ್ನು ಸಮಮಾಡಿ ಸೆಂಟರ್ ಪಂಚಿನಿಂದ ನಟ್ಟನಡುವೆ ಗುರುತು ಹಾಕಬೇಕು. ಕೆಲಸದ ಜಯಾಪಜಯಗಳೆರಡೂ ಈ ಒಂದು ಗುರುತಿನಲ್ಲಿವೆ. ಕಣ್ಣಿಗೆ ಕನ್ನಡಕ ಧರಿಸಿ, 8 ಮಿಲಿಮೀಟರ್ ಬೋಲ್ಟಿಗೆ ಮೊದಲು 3, ಬಳಿಕ 5 ಮಿಲಿಮೀಟರ್ ರಂಧ್ರವನ್ನು ನೇರವಾಗಿ ಕೊರೆದು, ಎಕ್ಸ್‌ಟ್ರಾಕ್ಟರನ್ನು ಕೂಡಿಸಿ ಎಡಕ್ಕೆ ತಿರುಗಿಸತಕ್ಕದ್ದು. ಅದು ಬಿಗಿಯಾಗಿ ನಿಂತರೆ ಕೂಡಲೇ ಕೈ ಬಿಡಬೇಕು. ಎಕ್ಸ್‌ಟ್ರಾಕ್ಟರು ಬಹಳ ಗಡಸಾದ ಉಕ್ಕಿನದು. ಅದು ಒಳಗೆ ಮುರಿದರೆ ಸಾಧಾರಣ ಡ್ರಿಲ್ಲಿನಿಂದ ಕೊರೆಯಲು ಸಾಧ್ಯವಿಲ್ಲ.

ಒಂದು ದೃಷ್ಟಾಂತ.— ಬೆಂಗಳೂರಿನ ಚಾಮರಾಜಪೇಟೆಗೆ ಹೊಂದಿದಂತಿರುವ ಕಲಾಸಿಪಾಳ್ಯ ಮತ್ತು ಜಯಚಾಮರಾಜೇಂದ್ರ ರಸ್ತೆಗಳು ವಾಹನಗಳ ಬಿಡಿಭಾಗಗಳಿಗೆ ಹೆಸರಾದುವು. ಆ ಭಾಗದ ಲೇತಿನ ಅಂಗಡಿಯೊಂದಕ್ಕೆ ರೈತರೊಬ್ಬರು ಟಿಲ್ಲರಿನ ಸಿಲಿಂಡರ್ ಹೆಡ್ಡನ್ನು ತಂದುದನ್ನು ನಾವು ಕಂಡೆವು. ಬೋಲ್ಟಿನ ಒಳಗೆ ಎಕ್ಸ್‌ಟ್ರಾಕ್ಟರೂ ಮುರಿದಿತ್ತು. "ಸ್ವಾಮಿ, ಬೋಲ್ಟು ಮುರಿದೊಡನೆ ತಂದಿದ್ದರೆ ಒಂದು ಗಂಟೆಯ ಕೆಲಸ" ಎಂದರು ಮೇಸ್ತ್ರಿಗಳು. ವಿದ್ಯುತ್ ಕಿಡಿಯಿಂದ ಲೋಹವನ್ನು ಸವೆಸುವ ಯಂತ್ರಕ್ಕೆ ಅದನ್ನು ಕಳುಹಿಸಿ ತರಿಸುವುದರಲ್ಲಿ ಮೂರು ದಿನಗಳು ಕಳೆದುವು. ಅಷ್ಟರಲ್ಲಿ ಹೊಲದ ಹದ ಆರಿಹೋಗಿತ್ತು.

ಮರಳಿ ಕೂಡಿಸುವಾಗ.— ರಂಧ್ರದ ಥ್ರೆಡ್ಡು ಕೆಟ್ಟಿದ್ದರೆ ತಂತಿಸುರುಳಿಯ ಹೊಸ ಥ್ರೆಡ್ಡನ್ನು ಹಾಕಿಸಬಹುದು. ತಳಮುಚ್ಚಿದ ರಂಧ್ರದಲ್ಲಿ ಎಣ್ಣೆಯಾಗಲಿ ನೀರಾಗಲಿ ನಿಂತಿರಕೂಡದು. ದ್ರವವು ಕುಗ್ಗದಾದುದರಿಂದ ಬೋಲ್ಟನ್ನು ಬಿಗಿದಾಗ ಎರಕವೇ ಸೀಳಬಹುದು. ಹಳೆಯ ಬೋಲ್ಟಿನ ತಲೆಯ ಮೇಲೆ 8.8 ಎಂದಿದ್ದರೆ ಅದೇ ಗುರುತಿನ ಹೊಸದನ್ನೇ ಹಾಕತಕ್ಕದ್ದು. ಹೆಡ್ಡಿನ ಬೋಲ್ಟುಗಳನ್ನು ಯಂತ್ರದ ಕೈಪಿಡಿಯಲ್ಲಿ ಹೇಳಿರುವ ಕ್ರಮದಲ್ಲಿ, ಹಲವು ಸುತ್ತುಗಳಲ್ಲಿ, ಟಾರ್ಕ್ ಸ್ಪ್ಯಾನರಿನಿಂದ ಬಿಗಿಯಬೇಕು.

ಟಾರ್ಕ್ ಸ್ಪ್ಯಾನರು, ಸೆಂಟರ್ ಪಂಚು, ಉತ್ತಮ ಡ್ರಿಲ್ಲುಗಳು—ಇವಿಷ್ಟನ್ನು ಊರಿನ ಸಹಕಾರ ಸಂಘದಲ್ಲಿ ಇರಿಸಿದರೆ ಎಲ್ಲರಿಗೂ ಉಪಯೋಗವಾಗುವುದು. ಬಲವನ್ನು ಪ್ರಯೋಗಿಸುವುದಕ್ಕಿಂತ ಎಲ್ಲಿ ನಿಲ್ಲಿಸಬೇಕೆಂಬುದನ್ನು ಅರಿಯುವುದೇ ಈ ಕೆಲಸದಲ್ಲಿ ಮುಖ್ಯವೆಂದು ವಾಚಕರು ಗಮನಿಸುವರೆಂದು ನಂಬುತ್ತೇವೆ.