‘ಗೆಟ್ ಅಪ್’ಗೆ ಭೂತಕಾಲ ಎಲ್ಲಿ ಹಚ್ಚಬೇಕು?

ಜತ್ತ ತಾಲೂಕಿನ ಕನ್ನಡ ಶಾಲೆಯ ಮಕ್ಕಳು ದಿನವೂ ಮೂರು ಭಾಷೆಗಳ ನಡುವೆ ಓಡಾಡುತ್ತಾರೆ. ಮನೆ, ಹೊಲದಲ್ಲಿ ಕನ್ನಡ, ಎಸ್‌ಟಿ ಬಸ್ಸು, ತಹಶೀಲ್ದಾರ್ ಕಚೇರಿಯಲ್ಲಿ ಮರಾಠಿ, ಪುಸ್ತಕದಲ್ಲಿ ಇಂಗ್ಲಿಷ್. ಮಹಾರಾಷ್ಟ್ರದಲ್ಲಿ 2000ರಿಂದ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಕಲಿಸಲಾಗುತ್ತಿದೆ. ಹೀಗಾಗಿ ಹತ್ತನೆಯ ತರಗತಿಗೆ ಬರುವಷ್ಟರಲ್ಲಿ ‘ಗೋ–ವೆಂಟ್’, ‘ಕಮ್–ಕೇಮ್’ ಬಾಯಿಪಾಠ ಆಗಿರುತ್ತವೆ. ತೊಡಕು ಬರುವುದು ‘ಗೆಟ್ ಅಪ್’, ‘ಟರ್ನ್ ಆಫ್’, ‘ರನ್ ಔಟ್’ನಂಥ ಫ್ರೇಸಲ್ ವರ್ಬ್‌ಗಳಲ್ಲಿ. ನಿನ್ನೆ ಬೇಗ ಎದ್ದೆ ಎನ್ನಲು ಒಬ್ಬರು ‘ಐ ಗೆಟ್ ಅಪ್ಡ್’ ಎಂದು ಬರೆಯುತ್ತಾರೆ, ಇನ್ನೊಬ್ಬರು ‘ಐ ಡಿಡ್ ಗಾಟ್ ಅಪ್’ ಎನ್ನುತ್ತಾರೆ.

ಈ ತಪ್ಪಿನ ಬೇರು ನಮ್ಮ ಮಾತಿನ ಅಭ್ಯಾಸದಲ್ಲೇ ಇದೆ. ಓಡಿಹೋಗು, ಮರೆತುಬಿಡು, ಬರೆದುಕೊ ಎಂಬ ಜೋಡಿ ಕ್ರಿಯಾಪದಗಳು ನಮ್ಮಲ್ಲೂ ಇವೆ. ಕಾಲ ಬದಲಾದಾಗ ನಾವು ಮುಟ್ಟುವುದು ಕೊನೆಯ ಪದವನ್ನು: ಓಡಿಹೋದ, ಮರೆತುಬಿಟ್ಟ, ಬರೆದುಕೊಂಡ. ಮರಾಠಿಯ ‘ಪಳೂನ್ ಗೇಲಾ’ದಲ್ಲೂ ಕಾಲ ಇರುವುದು ಬಾಲದಲ್ಲಿ. ಎರಡೂ ಭಾಷೆ ಬಲ್ಲ ಮಗು ಇಂಗ್ಲಿಷಿನಲ್ಲೂ ಬಾಲಕ್ಕೇ ಕೈ ಹಾಕಿದರೆ ಆಶ್ಚರ್ಯವೇನು? ಆದರೆ ಇಂಗ್ಲಿಷಿನ ನಡೆ ತಿರುವುಮುರುವು. ಅಲ್ಲಿ ಬದಲಾಗುವುದು ಮೊದಲ ಪದ: ‘ರನ್ ಅವೇ’ ಹೋಗಿ ‘ರ್ಯಾನ್ ಅವೇ’ ಆಗುತ್ತದೆ. ಇಷ್ಟು ತಲೆಗೆ ಹತ್ತಿದರೆ ಅರ್ಧ ಕೆಲಸ ಆದಂತೆ.

ಮೊದಲು ನೋಟ್‌ಬುಕ್ಕಿನಲ್ಲಿ ಎರಡು ಪದಗಳ ನಡುವೆ ಒಂದು ಗೆರೆ ಎಳೆಯಿರಿ. ಗೆರೆಯ ಬಲಗಡೆಯ ಅಪ್, ಆಫ್, ಔಟ್, ಆಫ್ಟರ್ ಯಾವ ಕಾಲದಲ್ಲೂ ಬದಲಾಗುವುದಿಲ್ಲ. ಎಡಗಡೆಯವು ಮೂರು ಬಗೆ. ಇ–ಡಿ ಸೇರಿಸಿಕೊಳ್ಳುವವು: ಟರ್ನ್ಡ್ ಆಫ್, ಲುಕ್ಡ್ ಆಫ್ಟರ್. ರೂಪವೇ ಬದಲಾಗುವವು: ಗಾಟ್ ಅಪ್, ಬ್ರೋಕ್ ಡೌನ್, ಗೇವ್ ಅಪ್. ಇದ್ದಂತೆಯೇ ಇರುವವು: ಪುಟ್ ಆಫ್, ಸೆಟ್ ಔಟ್, ಕಟ್ ಡೌನ್. ಮೂರನೆಯ ಬಗೆಯಲ್ಲಿ ಮಾತ್ರ ತುಸು ಎಚ್ಚರ ಬೇಕು. ‘ಹಿ ಪುಟ್ಸ್ ಆಫ್ ದ ಮೀಟಿಂಗ್’ ಎಂದರೆ ಅವನು ಸಭೆ ಮುಂದೂಡುತ್ತಾನೆ. ‘ಹಿ ಪುಟ್ ಆಫ್ ದ ಮೀಟಿಂಗ್’ ಎಂದರೆ ಮುಂದೂಡಿದ. ಒಂದು ಎಸ್ ಬಿಟ್ಟುಹೋಗುವುದೇ ಅಲ್ಲಿ ಭೂತಕಾಲದ ಗುರುತು.

ಆಮೇಲೆ ‘ಡಿಡ್’. ವಾಕ್ಯದಲ್ಲಿ ಡಿಡ್ ಬಂದರೆ ಭೂತಕಾಲದ ಹೊರೆಯನ್ನೆಲ್ಲ ಅದೇ ಹೊರುತ್ತದೆ. ಮುಂದಿನ ಕ್ರಿಯಾಪದ ಮೂಲ ರೂಪಕ್ಕೆ ಮರಳುತ್ತದೆ. ‘ದ ಬಸ್ ಡಿಡ್ ನಾಟ್ ಬ್ರೇಕ್ ಡೌನ್’, ‘ಡಿಡ್ ಯು ಗೆಟ್ ಅಪ್ ಅರ್ಲಿ?’ ನಾವೂ ‘ಬರಲಿಲ್ಲ’ ಎನ್ನುತ್ತೇವೆಯೇ ಹೊರತು ‘ಬಂದನಿಲ್ಲ’ ಎನ್ನುವುದಿಲ್ಲವಲ್ಲ, ಹಾಗೆಯೇ.

ಹೆಚ್ಚು ಹೊತ್ತು ಕೊಡಬೇಕಾದ್ದು ಮೂರನೆಯ ಹೆಜ್ಜೆಗೆ. ಕ್ರಿಯಾಪದ ಸರಿಯಾದರೂ ಕರ್ಮಪದ ಎಲ್ಲಿ ಕೂರಬೇಕು ಎಂಬಲ್ಲಿ ವಾಕ್ಯ ಕೆಡುತ್ತದೆ. ಬಾವಿಯ ಮೋಟರ್ ಬಂದ್ ಮಾಡಿದೆ ಎನ್ನಲು ‘ಐ ಟರ್ನ್ಡ್ ಆಫ್ ದ ಮೋಟರ್’ ಎನ್ನಬಹುದು, ‘ಐ ಟರ್ನ್ಡ್ ದ ಮೋಟರ್ ಆಫ್’ ಎಂದರೂ ನಡೆಯುತ್ತದೆ. ಮೋಟರ್ ಎನ್ನುವ ಬದಲು ‘ಇಟ್’ ಬಂದಿತೋ, ಅದು ನಡುವೆಯೇ ಕೂರಬೇಕು: ‘ಐ ಟರ್ನ್ಡ್ ಇಟ್ ಆಫ್’. ‘ಟರ್ನ್ಡ್ ಆಫ್ ಇಟ್’ ತಪ್ಪು. ಆದರೆ ಎಲ್ಲ ಜೋಡಿಗಳೂ ಹೀಗೆ ಬಿಡಿಸಿಕೊಳ್ಳುವುದಿಲ್ಲ. ಅಜ್ಜ ಮಾಡಗ್ಯಾಳ ಕುರಿಗಳನ್ನು ನೋಡಿಕೊಂಡ ಎನ್ನಬೇಕಾದರೆ ‘ಗ್ರ್ಯಾಂಡ್‌ಫಾದರ್ ಲುಕ್ಡ್ ಆಫ್ಟರ್ ದ ಶೀಪ್’. ಕುರಿಗಳ ಬದಲು ‘ದೆಮ್’ ಬಂದರೂ ‘ಲುಕ್ಡ್ ಆಫ್ಟರ್ ದೆಮ್’ ಎಂದೇ ಹೇಳಬೇಕು. ‘ಲುಕ್ಡ್ ದೆಮ್ ಆಫ್ಟರ್’ ಇಂಗ್ಲಿಷೇ ಅಲ್ಲ. ಯಾವುದು ಬಿಡಿಸಿಕೊಳ್ಳುತ್ತದೆ, ಯಾವುದು ಬಿಡಿಸಿಕೊಳ್ಳುವುದಿಲ್ಲ ಎಂಬುದಕ್ಕೆ ನೆಚ್ಚಬಹುದಾದ ಸುಲಭ ಸೂತ್ರವಿಲ್ಲ. ಹೊಸ ಜೋಡಿ ಕಲಿತಾಗಲೆಲ್ಲ ‘ಇಟ್’ ಸೇರಿಸಿ ಒಂದು ಪೂರ್ತಿ ವಾಕ್ಯ ಬರೆದಿಟ್ಟುಕೊಳ್ಳಿ. ಬರೀ ಪದ ಬರೆದುಕೊಂಡವರಿಗೆ ಪರೀಕ್ಷೆಯಲ್ಲಿ ಅದು ಕೈಕೊಡುತ್ತದೆ.

ನಡೆದುಹೋದ ಒಂದು ಸಂಗತಿಗಿಂತಲೂ ಮೊದಲೇ ನಡೆದದ್ದನ್ನು ಹೇಳುವಾಗ ‘ಹ್ಯಾಡ್’ ಬೇಕು. ಟ್ಯಾಂಕರಿನ ಹಾದಿ ಕಾದ ಜತ್ತದ ಹಳ್ಳಿಗಳಿಗೆ ಈ ಉದಾಹರಣೆ ಹೊಸದಲ್ಲ. ‘ನೀರು ಮುಗದುಹೋತು’ ಎಂದರೆ ‘ದ ವಾಟರ್ ರ್ಯಾನ್ ಔಟ್’. ‘ನಾವು ಕೊಡ ತಗೊಂಡು ಹೋಗೂದ್ರಾಗ ನೀರು ಮುಗದುಹೋಗಿತ್ತು’ ಎಂದರೆ ‘ದ ವಾಟರ್ ಹ್ಯಾಡ್ ರನ್ ಔಟ್’. ನಮ್ಮ ಮಾತಿನ ‘ಇತ್ತು’ ಇದ್ದಲ್ಲಿ ಇಂಗ್ಲಿಷಿನ ಹ್ಯಾಡ್ ಇಟ್ಟು ನೋಡಿ, ಬಹುಪಾಲು ಸರಿಹೋಗುತ್ತದೆ. ಹ್ಯಾಡ್ ಜೊತೆ ಬರುವುದು ಮೂರನೆಯ ರೂಪ: ರನ್, ಗಿವನ್, ಬ್ರೋಕನ್. ‘ಹ್ಯಾಡ್ ರ್ಯಾನ್ ಔಟ್’ ಎಂದು ಬರೆಯಬೇಡಿ. ಸಭೆ ರದ್ದಾಯಿತು ಎನ್ನುವ ‘ದ ಮೀಟಿಂಗ್ ವಾಸ್ ಕಾಲ್ಡ್ ಆಫ್’ನಲ್ಲೂ ಬರುವುದು ಇದೇ ಮೂರನೆಯ ರೂಪ.

ಬರೆಯಲು ಬಂದರೆ ಸಾಲದು, ಕಿವಿಗೂ ಹಿಡಿಯಬೇಕು. ಇಂಗ್ಲಿಷ್ ಮಾತಾಡುವವರು ‘ಲುಕ್ಡ್ ಆಫ್ಟರ್’ ಎನ್ನುವಾಗ ಇ–ಡಿಯನ್ನು ಟಕಾರವಾಗಿ ನುಡಿದು ‘ಲುಕ್ಟಾಫ್ಟರ್’ ಎಂದು ಕೂಡಿಸಿಬಿಡುತ್ತಾರೆ. ‘ಟರ್ನ್ಡ್ ಆಫ್’ ಕಿವಿಗೆ ಬೀಳುವುದು ‘ಟರ್ನ್ಡಾಫ್’ ಎಂದು. ಬಿಡಿಬಿಡಿಯಾಗಿ ಓದಿ ರೂಢಿಯಾದವರಿಗೆ ಇದು ಬೇರೆಯೇ ಪದ ಅನ್ನಿಸುತ್ತದೆ. ಗಟ್ಟಿಯಾಗಿ, ಕೂಡಿಸಿ ಓದಿ.

ಇನ್ನೂರು ಫ್ರೇಸಲ್ ವರ್ಬ್‌ಗಳ ಪಟ್ಟಿ ಗೋಡೆಗೆ ಅಂಟಿಸುವುದರಿಂದ ಲಾಭ ಕಡಿಮೆ ಎಂಬುದು ನನ್ನ ಖಚಿತ ಅಭಿಪ್ರಾಯ. ನಿಮ್ಮ ದಿನಕ್ಕೆ ಬೇಕಾದ ಹತ್ತನ್ನು ಆರಿಸಿಕೊಳ್ಳಿ. ದಾನಮ್ಮನ ಗುಡಿಗೆ ಹೋಗಿಬಂದದ್ದನ್ನೇ ಬರೆಯಿರಿ: ‘ವಿ ಗಾಟ್ ಅಪ್ ಅಟ್ ಫೋರ್. ವಿ ಸೆಟ್ ಔಟ್ ಫಾರ್ ಗುಡ್ಡಾಪುರ. ದ ಜೀಪ್ ಬ್ರೋಕ್ ಡೌನ್ ಆನ್ ದ ವೇ. ವಿ ಡಿಡ್ ನಾಟ್ ಗಿವ್ ಅಪ್. ವಿ ವಾಕ್ಡ್ ಆನ್.’ ಇಷ್ಟರಲ್ಲಿ ಮೊದಲ ಎರಡು ಹೆಜ್ಜೆಗಳು ಪೂರ್ತಿ ಬಂದವು.

ಶಿಕ್ಷಕರಲ್ಲಿ ಒಂದು ವಿನಂತಿ. ಪ್ರಾರ್ಥನೆ ಮುಗಿದ ಮೇಲೆ ದಿನಕ್ಕಿಬ್ಬರು ಮಕ್ಕಳಿಂದ ನಿನ್ನೆಯ ಸುದ್ದಿಯನ್ನು ಇಂಗ್ಲಿಷಿನ ಮೂರು ವಾಕ್ಯಗಳಲ್ಲಿ ಹೇಳಿಸಿ. ತಪ್ಪಿದರೆ ನಡುವೆ ತಡೆಯಬೇಡಿ. ಹೇಳಿ ಮುಗಿಸಲಿ, ಆಮೇಲೆ ತಿದ್ದಿ. ತಿದ್ದುವಾಗ ಕನ್ನಡದ ‘ಓಡಿಹೋದ’ವನ್ನೂ ಪಕ್ಕದಲ್ಲಿ ಬರೆದು ತೋರಿಸಿ.