ಅಳೆದಿಟ್ಟ ನೀರು, ಅಳೆಯದ ನೀರು

ಮಕ್ಕಳೇ, ನಾಳೆ ರಾತ್ರಿ ನಿಮ್ಮ ಬಸ್ಸು ಉಬ್ರಾಣಿ ಬಿಟ್ಟರೆ ಬೆಳಗಿನ ತಿಂಡಿ ಹೊತ್ತಿಗೆ ಬಿಡದಿ. ಅಲ್ಲಿಂದ ಸಂಜೆವರೆಗೂ ವಂಡರ್‌ಲಾದ ನೀರಲ್ಲೇ ವಾಸ. ನೀರಾಡಲು ದುಡ್ಡು ಕೊಟ್ಟು ಅಷ್ಟು ದೂರ ಹೋಗಬೇಕಾ ಎಂದು ತಾತ ಬೈಯುತ್ತಾನೆ ಅಂದುಕೊಂಡು ನನ್ನ ಮುಂದೆ ಪಿಸುಪಿಸು ಮಾತಾಡುತ್ತಿದ್ದೀರಿ. ಬೈಯುವುದಿಲ್ಲ. ನಾನೂ ಹೋಗಿಬಂದವನೇ. ಮೊಮ್ಮಗಳ ಹಟಕ್ಕೆ ಪಂಚೆ ಬಿಚ್ಚಿ ನೈಲಾನ್ ಚಡ್ಡಿ ಹಾಕಿಕೊಂಡು, ಎಪ್ಪತ್ತರ ಮೇಲೆ ಟ್ಯೂಬಿನಲ್ಲಿ ಕೂತು ತೇಲಿದ್ದೇನೆ. ಹತ್ತಿ ಬಟ್ಟೆಯಲ್ಲಿ ಅಲ್ಲಿ ನೀರಿಗೆ ಬಿಡುವುದಿಲ್ಲ, ನೆನಪಿಟ್ಟುಕೊಳ್ಳಿ. ಹೋಗಿ, ಮನಸಾರೆ ಆಡಿ. ನಾನು ಹೇಳಬೇಕಾಗಿರುವುದು ನೀವು ಅಲ್ಲಿಂದ ವಾಪಸು ಬಂದ ಮೇಲಿನ ಮಾತು.

ನೀರಾಟ ಇವತ್ತಿನ ಹುಚ್ಚೇನಲ್ಲ. ನಮ್ಮ ಹಳೆಯ ಮಹಾಕಾವ್ಯಗಳಿಗೆ ಹದಿನೆಂಟು ವರ್ಣನೆ ಇರಬೇಕು ಅಂತ ಒಂದು ಕಟ್ಟಳೆ ಇತ್ತು. ಸೂರ್ಯೋದಯ, ಚಂದ್ರೋದಯದ ಸಾಲಿನಲ್ಲೇ ಜಲಕ್ರೀಡೆಗೂ ಜಾಗ. ಕಾವ್ಯ ಬಿಡಿ, ನಮ್ಮ ಚನ್ನಗಿರಿ ತಾಲ್ಲೂಕಿನ ಸಂತೆಬೆನ್ನೂರಿಗೇ ಹೋಗಿ ನೋಡಿ. ಪಾಳೇಗಾರ ಹನುಮಪ್ಪ ನಾಯಕ ಹದಿನಾರನೇ ಶತಮಾನದಲ್ಲಿ ಕಟ್ಟಿಸಿದ ಪುಷ್ಕರಣಿ ಅಲ್ಲಿದೆ. ನಡುನೀರಿನಲ್ಲಿ ಅಂತಸ್ತಿನ ಮೇಲೆ ಅಂತಸ್ತಾಗಿ ಏರುವ ವಸಂತ ಮಂಟಪ, ದಂಡೆಯ ಸುತ್ತ ಚಿಕ್ಕ ಮಂಟಪಗಳು, ಒಂದು ಪಕ್ಕದಲ್ಲಿ ಬಿಜಾಪುರದ ರಣದುಲ್ಲಾ ಖಾನನ ಹೆಸರು ಹೇಳುವ ಮುಸಾಫಿರ್‌ಖಾನೆ. ಬಿಸಿಲಲ್ಲಿ ಬೆಂದವನಿಗೆ ಆ ನೀರಿನ ಮೇಲಿಂದ ಬರುವ ಗಾಳಿಯೇ ಸಾಕು.

ನಾನು ನಿಮಗೆ ತೋರಿಸಬೇಕಾದದ್ದು ಮಂಟಪವಲ್ಲ, ಮೆಟ್ಟಿಲು. ಅಲ್ಲಿ ನಾಲ್ಕೂ ಕಡೆಯಿಂದ ಮೆಟ್ಟಿಲುಗಳು ನೀರಿನೊಳಕ್ಕೆ ಇಳಿದಿವೆ. ಒಂದು ಮೆಟ್ಟಿಲು ಇಳಿದರೆ ಹಿಮ್ಮಡಿ, ಇನ್ನೊಂದಕ್ಕೆ ಮೀನಖಂಡ, ಮತ್ತೊಂದಕ್ಕೆ ಮೊಣಕಾಲು. ಆಳ ಎಷ್ಟು ಅಂತ ನೀರೇ ನಿಮ್ಮ ಕಾಲಿಗೆ ಹೇಳುತ್ತಾ ಹೋಗುತ್ತದೆ. ಹೆದರಿಕೆ ಆಯಿತೋ, ಹಿಂದಿನ ಮೆಟ್ಟಿಲು ಅಲ್ಲೇ ಇದೆ. ಕಟ್ಟಿದ ಒಡ್ಡನ ಜಾಣತನ ನೋಡಿ. ಇಳಿಯುವ ದಾರಿ ಮಾಡಿದವನು ಅದರಲ್ಲೇ ಹತ್ತುವ ದಾರಿಯನ್ನೂ ಮಾಡಿಟ್ಟ.

ಈಗಿನ ವಾಟರ್ ಪಾರ್ಕೂ ಅದೇ ಜಾಣತನದ ಮೇಲೆ ನಿಂತಿದೆ. ಅಮೆರಿಕದ ಒರ್ಲ್ಯಾಂಡೊದಲ್ಲಿ 1977ರಲ್ಲಿ ಜಾರ್ಜ್ ಮಿಲ್ಲೇ ಎಂಬಾತ ‘ವೆಟ್ ಎನ್ ವೈಲ್ಡ್’ ಅಂತ ಒಂದು ಪಾರ್ಕ್ ತೆರೆದ. ಜಗತ್ತಿನ ಮೊದಲ ವಾಟರ್ ಪಾರ್ಕ್ ಅಂತ ಅದನ್ನೇ ಹೇಳುವುದು. ಅದೇ 1977ರಲ್ಲಿ ಇತ್ತ ಕೇರಳದಲ್ಲಿ ಕೊಚೌಸೆಫ್ ಚಿಟ್ಟಿಲಪ್ಪಿಳ್ಳಿ ಅನ್ನುವವರು ವೋಲ್ಟೇಜ್ ಸ್ಟೆಬಿಲೈಸರ್ ಮಾಡಲು ಶುರುಮಾಡಿದರು. ನಮ್ಮ ಮನೆಯ ಟೀವಿ ಪಕ್ಕ ಗುಂಯ್ ಅನ್ನುತ್ತಾ ಕೂತಿತ್ತಲ್ಲ, ಆ ವಿ-ಗಾರ್ಡ್ ಡಬ್ಬಿ ಅವರದೇ. ಅವರು 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್ ತೆರೆದರು, 2005ರಲ್ಲಿ ಬಿಡದಿ ಹತ್ತಿರ ವಂಡರ್‌ಲಾ. ಕರೆಂಟಿನ ಏರಿಳಿತ ಪಳಗಿಸಿದವರು ಆಮೇಲೆ ನೀರಿನ ಏರಿಳಿತ ಪಳಗಿಸಲು ಹೊರಟರು ಅಂತ ನಾನು ತಮಾಷೆ ಮಾಡುತ್ತಿರುತ್ತೇನೆ.

ಪಳಗಿಸಿದ್ದು ಹೇಗೆ ಅಂತ ಆಡುವಾಗ ಸ್ವಲ್ಪ ಕಣ್ಣುಬಿಟ್ಟು ನೋಡಿ. ಅಲೆಗಳ ಕೊಳದಲ್ಲಿ ಸಮುದ್ರದ ಹಾಗೆ ಅಲೆ ಎದ್ದು ಬರುತ್ತದೆ. ಅಂಥ ಕೊಳಗಳಲ್ಲಿ ಆಳದ ಕಡೆಯ ಗೋಡೆಯ ಹಿಂದೆ ಯಂತ್ರವಿರುತ್ತದೆ, ಅದು ಗಾಳಿ ಒತ್ತಿಯೋ ನೀರು ತಳ್ಳಿಯೋ ಅಲೆ ಎಬ್ಬಿಸುತ್ತದೆ. ಸ್ವಲ್ಪ ಹೊತ್ತಿಗೆ ನಿಲ್ಲಿಸುತ್ತಾರೆ. ನೆಲ ಮೆಲ್ಲಮೆಲ್ಲಗೆ ಇಳಿಜಾರು. ಟ್ಯೂಬಿನಲ್ಲಿ ತೇಲಿಸುವ ಸೋಮಾರಿ ಹೊಳೆಯನ್ನು ಪಂಪು ತಳ್ಳುತ್ತದೆ. ಅದು ಸುತ್ತು ಹಾಕಿ ಹತ್ತಿದ ಜಾಗಕ್ಕೇ ನಿಮ್ಮನ್ನು ತಂದು ಬಿಡುತ್ತದೆ. ಜಾರುಬಂಡೆಯಲ್ಲಿ ಮೇಲಿಂದ ಬಿಟ್ಟ ನೀರಿನ ತೆಳುಪದರವೇ ನಿಮ್ಮನ್ನು ಜಾರಿಸುವುದು. ತಿರುವಿನಲ್ಲಿ ಗೋಡೆ ಎಷ್ಟು ವಾಲಬೇಕು, ಕೊನೆಯಲ್ಲಿ ನೀರು ಎಷ್ಟು ನಿಲ್ಲಬೇಕು ಎಲ್ಲವೂ ಲೆಕ್ಕ. ಕೈ ಎದೆ ಮೇಲೆ ಕಟ್ಟು, ಕಾಲು ಜೋಡಿಸು ಅಂತ ಅಲ್ಲಿಯವರು ಹೇಳಿದರೆ ಸುಮ್ಮನೆ ಕೇಳಿ. ನಿಮ್ಮ ಮೈ ಹಾಗೇ ಇರುತ್ತದೆ ಅಂತ ನಂಬಿಯೇ ಆ ಲೆಕ್ಕ ಹಾಕಿರುವುದು. ಎತ್ತರದ ಕೋಲಿಗೆ ತಾಗದ ತಮ್ಮನನ್ನು ಕಣ್ತಪ್ಪಿಸಿ ಹತ್ತಿಸಬೇಡಿ. ಕೊಳದ ಅಂಚಿನಲ್ಲಿ ಸೀಟಿ ಹಿಡಿದು ನಿಂತವರಿದ್ದಾರಲ್ಲ, ಅವರ ಕೆಲಸವೇ ನಿಮ್ಮನ್ನು ನೋಡುತ್ತಾ ನಿಲ್ಲುವುದು.

ಅಂದರೆ ಅಲ್ಲಿ ನೀವು ಇಳಿಯುವುದು ಬೇರೆಯವರು ಮೊದಲೇ ಅಳೆದಿಟ್ಟ ನೀರಿಗೆ. ಆಳ ಅಳೆದಿದ್ದಾರೆ, ವೇಗ ಅಳೆದಿದ್ದಾರೆ, ನಿಮ್ಮನ್ನೂ ಅಳೆದಿದ್ದಾರೆ. ಆ ನೀರಿನಲ್ಲಿ ಒಂದು ದಿನ ಇದ್ದರೆ ಮೈಗೆ ಒಂದು ಧೈರ್ಯ ಬರುತ್ತದೆ. ಆ ಧೈರ್ಯ ನಿಮ್ಮದಲ್ಲ ಮಕ್ಕಳೇ, ಅಳೆದವರದು. ಅದನ್ನು ಬಸ್ಸಿನಲ್ಲಿ ಊರಿಗೆ ತರಬೇಡಿ. ನನ್ನ ಕಿವಿಮಾತು ಇಷ್ಟೇ.

ಊರಲ್ಲಿ ಏನಿದೆ? ಮೊದಲು ಕೃಷಿ ಹೊಂಡ. ಅಡಿಕೆ ತೋಟ ಉಳಿಸಿಕೊಳ್ಳಲು ಅಲ್ಲಲ್ಲಿ ತೋಡಿದ್ದಾರೆ, ಬೋರಿನ ನೀರು ತುಂಬಿಟ್ಟಿದ್ದಾರೆ. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡ ನೋಡಲು ಥೇಟು ಆ ಪಾರ್ಕಿನ ಕೊಳವೇ. ಆದರೆ ಆ ಹಾಳೆಗೆ ಪಾಚಿ ಕಟ್ಟಿದರೆ ಬೆಣ್ಣೆ ಸವರಿದಂತೆ. ಇಳಿದವನಿಗೆ ಈಜು ಬಂದರೂ ಹತ್ತಲು ಕಾಲೂರುವ ಜಾಗ ಸಿಗುವುದಿಲ್ಲ. ಸಂತೆಬೆನ್ನೂರಿನ ಮೆಟ್ಟಿಲು ನೆನಪಾಯಿತೇ? ಇಲ್ಲಿ ಇಳಿಯುವ ದಾರಿ ಮಾತ್ರ ಇದೆ. ನಿಮ್ಮ ತೋಟದಲ್ಲಿ ಹೊಂಡವಿದ್ದರೆ ಅಪ್ಪನಿಗೆ ಹೇಳಿ ಸುತ್ತ ಬೇಲಿ ಹಾಕಿಸಿ. ನಾಲ್ಕೂ ಮೂಲೆಯಿಂದ ಗಂಟು ಹಾಕಿದ ಹಗ್ಗ ನೀರಿನವರೆಗೂ ಇಳಿಬಿಡಿ. ಆ ಗಂಟುಗಳೇ ನಮ್ಮ ಪುಷ್ಕರಣಿಯ ಮೆಟ್ಟಿಲು.

ಆಮೇಲೆ ಭದ್ರಾ ನಾಲೆ. ಬಿಸಿಲಿನ ದಿನ ನೀರು ಬಿಟ್ಟಾಗ ನೋಡಿದರೆ ಅದೂ ಸೋಮಾರಿ ಹೊಳೆಯ ಹಾಗೆ ಸಮಾಧಾನವಾಗಿ ಹೋಗುತ್ತಿರುತ್ತದೆ. ಆದರೆ ಅದು ಸುತ್ತು ಹಾಕಿ ಯಾರನ್ನೂ ವಾಪಸು ತರುವುದಿಲ್ಲ. ಸಿಮೆಂಟಿನ ಇಳಿಜಾರು ದಡ ಕೈಗೆ ಸಿಗುವುದಿಲ್ಲ, ಮುಂದೆ ತೂಬು ಇದೆ, ಸೇತುವೆ ಕೆಳಗೆ ಸೆಳೆತ ಇದೆ. ನಾಲೆ ಮಾಡಿದ್ದು ನೀರು ನಿಲ್ಲದೆ ಗದ್ದೆ ತೋಟ ಸೇರಲಿ ಅಂತ. ಮನುಷ್ಯರು ಇಳಿದು ಹತ್ತಲಿ ಅಂತ ಯಾರೂ ಮಾಡಲಿಲ್ಲ.

ಮೂರನೆಯದು ಕೆರೆ. ಇದನ್ನು ಹೇಳುವುದು ನನಗೆ ಕಷ್ಟ.

ನಮ್ಮಪ್ಪ ನೀರುಗಂಟಿ. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಸರದಿ ನೋಡುವುದು ಅವನ ಕೆಲಸ. ಆಗ ನಾವಿನ್ನೂ ಶಿವಮೊಗ್ಗ ಜಿಲ್ಲೆಯವರು. ದಾವಣಗೆರೆ ಜಿಲ್ಲೆ ಆದದ್ದು 1997ರಲ್ಲಿ. ನನಗೆ ಈಜು ಕಲಿಸಿದ್ದೂ ಅವನೇ, ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, ಹಗ್ಗದ ತುದಿ ತಾನು ಹಿಡಿದು. ಅಪ್ಪ ಹಗ್ಗ ಬಿಟ್ಟದ್ದು ಎರಡು ಬೇಸಿಗೆ ಕಳೆದ ಮೇಲೆ. ಆಗ ಅದು ಅವಮಾನ ಅನ್ನಿಸುತ್ತಿತ್ತು. ಜೊತೆಯ ಹುಡುಗರು ಏರಿಯಿಂದ ಧುಮುಕುತ್ತಿದ್ದರು.

ಅವರಲ್ಲಿ ಒಬ್ಬ ನನ್ನ ಬೆಂಚಿನವನು. ಆ ಕೆರೆಯಲ್ಲಿ ಅವನು ಹತ್ತಾರು ಸಲ ಈಜಿದ್ದ. ಆದರೆ ಆ ಬೇಸಿಗೆ ಕೆರೆ ಬತ್ತಿದಾಗ ಇಟ್ಟಿಗೆಗೆ ಅಂತ ಮಣ್ಣು ತೆಗೆದಿದ್ದರು. ಮಳೆ ಬಂತು, ಕೆರೆ ತುಂಬಿತು, ಗುಂಡಿ ಮುಚ್ಚಿತು. ಮೇಲೆ ನೋಡಿದರೆ ಅದೇ ಹಳೆಯ ಕೆರೆ. ಸೊಂಟಮಟ್ಟದ ನೀರಲ್ಲಿ ನಡೆಯುತ್ತಾ ಹೋದವನು ಒಂದು ಹೆಜ್ಜೆಗೆ ಕಾಣೆಯಾದ. ಅವನನ್ನು ಹಿಡಿಯಲು ಹೋದ ಅವನ ಅಣ್ಣನನ್ನು ಉಳಿಸಿದ್ದು ನಮ್ಮಪ್ಪ ಚಾಚಿದ ಬಿದಿರು ಗಳ. ತಮ್ಮ ಸಿಗಲಿಲ್ಲ.

ಆಮೇಲಿನ ವರ್ಷದಿಂದ ಅಪ್ಪ ಒಂದು ಪದ್ಧತಿ ಮಾಡಿದ. ಮುಂಗಾರಿಗೆ ಮೊದಲು ಬತ್ತಿದ ಕೆರೆಯಂಗಳದಲ್ಲಿ ಉದ್ದಗಲ ನಡೆದು, ಗುಂಡಿ ಇದ್ದಲ್ಲೆಲ್ಲ ಉದ್ದನೆಯ ಗಳ ನೆಟ್ಟು ತುದಿಗೆ ಕೆಂಪು ಬಟ್ಟೆ ಕಟ್ಟುತ್ತಿದ್ದ. ಕೆರೆ ತುಂಬಿದ ಮೇಲೆ ನೀರಿನ ಮೇಲೆ ಕೆಂಪು ಬಟ್ಟೆಗಳು ಕಾಣುತ್ತಿದ್ದವು. ಅದು ಯಾರೋ ಹೇಳಿದ ಕೆಲಸವಲ್ಲ, ಅದಕ್ಕೆ ಸಂಬಳವೂ ಇರಲಿಲ್ಲ.

ನೀರಿನಿಂದ ದೂರ ಇರಿ ಅಂತ ನಾನು ಹೇಳಲಾರೆ. ಎರಡು ಗುಡ್ಡಗಳ ನಡುವೆ ಸಾವಿರ ಅಡಿಗೂ ಕಡಿಮೆ ಉದ್ದದ ಏರಿ ಹಾಕಿ ಹರಿದ್ರಾ ಹಳ್ಳವನ್ನು ನಿಲ್ಲಿಸಿದ ಸೂಳೆಕೆರೆ ನಮ್ಮ ತಾಲ್ಲೂಕಿನದು. ಸುತ್ತಳತೆ ಮೂವತ್ತು ಕಿಲೋಮೀಟರು. ಕಟ್ಟಿಸಿದವಳು ಶಾಂತವ್ವ ಅನ್ನುತ್ತದೆ ಐತಿಹ್ಯ, ಅದಕ್ಕೇ ಶಾಂತಿಸಾಗರ ಅಂತಲೂ ಕರೆಯುತ್ತಾರೆ. ಸಿದ್ಧನ ತೂಬು, ಬಸವನ ತೂಬು ಇವತ್ತಿಗೂ ಗದ್ದೆಗೆ ನೀರು ಕೊಡುತ್ತವೆ, ಚಿತ್ರದುರ್ಗದ ನಲ್ಲಿಗಳಿಗೂ ಅಲ್ಲಿಂದ ನೀರು ಹೋಗುತ್ತದೆ. ಇಂಥ ಊರಿನ ಮಕ್ಕಳಿಗೆ ಈಜು ಬಾರದಿದ್ದರೆ ಅದೇ ದೊಡ್ಡ ಅಪಾಯ. ಹೆಣ್ಣುಮಕ್ಕಳೂ ಕಲಿಯಿರಿ. ಬಲ್ಲವರ ಕೈಯಲ್ಲಿ ಹಗ್ಗ ಕೊಟ್ಟು ಕಲಿಯಿರಿ. ಹಗ್ಗ ಕಟ್ಟಿಸಿಕೊಂಡವನನ್ನು ನೋಡಿ ನಗುವವರು ನಗಲಿ.

ಯಾರಾದರೂ ಮುಳುಗುತ್ತಿದ್ದರೆ ಹಿಂದೆಯೇ ಹಾರಬೇಡಿ. ಮುಳುಗುವವನು ಸಿಕ್ಕಿದ್ದನ್ನು ತಬ್ಬುತ್ತಾನೆ, ತಬ್ಬಿದವನನ್ನೂ ಒಯ್ಯುತ್ತಾನೆ. ಮೊದಲು ಕೂಗಿ ಜನ ಸೇರಿಸಿ. ಅಡಿಕೆ ಕೊನೆ ಇಳಿಸುವ ದೋಟಿ ನಮ್ಮಲ್ಲಿ ಯಾವ ತೋಟದಲ್ಲಿಲ್ಲ? ನೆಲಕ್ಕೆ ಮಲಗಿ ಅದನ್ನು ಚಾಚಿ. ಡ್ರಿಪ್ ಪೈಪು ಎಸೆಯಿರಿ, ಮುಚ್ಚಳ ಬಿಗಿದ ಖಾಲಿ ಕ್ಯಾನು ಎಸೆಯಿರಿ. ದೋಟಿ ಎತ್ತುವ ಮೊದಲು ಮೇಲೆ ಕರೆಂಟಿನ ತಂತಿ ಇದೆಯೇ ನೋಡಿ.

ಈಗ ಹೋಗಿ ಬಟ್ಟೆ ಜೋಡಿಸಿಕೊಳ್ಳಿ. ಟ್ರಿಪ್ಪಿನ ಆಯಾಸ ಕಳೆದ ಮೇಲೆ ಒಂದು ಭಾನುವಾರ ಬೆಳಗ್ಗೆ ನನಗೆ ಕೊಡಿ. ಕೆರೆ ಈಗ ಬತ್ತಿದೆ, ಮುಂಗಾರಿಗೆ ಇನ್ನೂ ಸಮಯವಿದೆ. ನನ್ನ ಕಾಲು ಮೊದಲಿನಂತೆ ನಡೆಯುವುದಿಲ್ಲ, ಏರಿಯ ಮೇಲೆ ಕೂತು ಕೈ ತೋರಿಸುತ್ತೇನೆ. ನೀವು ಅಂಗಳದಲ್ಲಿ ನಡೆದು ಗುಂಡಿ ಹುಡುಕಿ. ಗಳ ನಮ್ಮ ಹಿತ್ತಲಲ್ಲಿ ಕಡಿದಿಟ್ಟಿದ್ದೇನೆ. ಕೆಂಪು ಬಟ್ಟೆ ನೀವು ತನ್ನಿ.